ಮಾವನ ತೂಕಕ್ಕೆ ತಕ್ಕ ಕ್ಲಚ್ಚು

“ಇಳಿಸು. ಇನ್ನೊಂದಿಷ್ಟು ಇಳಿಸು. ಸಾಕು. ಸಾಕು ಅಂದೆ.”

ಸಾಕು ಎಂಬ ಮಾತು ಸರಪಳಿ ಹಿಡಿದಿದ್ದವನ ಕಿವಿಗೆ ತಲುಪುವ ಹೊತ್ತಿಗೆ ಎಂಬತ್ತೊಂಬತ್ತು ಕಿಲೋ ತೂಕದ ಇಂಜಿನ್ನು ಅಳತೆಗಾರನ ಎಡಗೈ ಹೆಬ್ಬೆರಳಿನ ಮೇಲೆ ಕೂತಾಗಿತ್ತು. ಪೂರ್ತಿ ಕೂತಿರಲಿಲ್ಲ. ಪೂರ್ತಿ ಕೂತಿದ್ದರೆ ಅವನು ಆಸ್ಪತ್ರೆಗೆ ಹೋಗಿರುತ್ತಿದ್ದ, ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಅದು ಅರ್ಧ ಭಾರವನ್ನು ಸರಪಳಿಯ ಮೇಲೂ ಅರ್ಧವನ್ನು ಬೆರಳಿನ ಮೇಲೂ ಹಾಕಿ, ಯಾವ ಕಡೆಗೆ ಸೇರಲಿ ಎಂದು ಯೋಚಿಸುತ್ತ ನಿಂತಿತ್ತು. ಇಂಥ ಹೊತ್ತಿನಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ದರ್ಜಿಯ ತಲೆ ಮೂಡಿತು.

“ಏನಿದು, ಹೊಸ ಇಂಜಿನ್ನಾ?”

“ಹೌದು,” ಅಂದ ಅಳತೆಗಾರ, ಹಲ್ಲು ಕಚ್ಚಿಕೊಂಡು.

“ಹಳೇದಕ್ಕೆ ಏನಾಗಿತ್ತು?”

“ಸಾಲಲ್ಲ.”

“ಯಾತಕ್ಕೆ ಸಾಲಲ್ಲ?”

“ಮುಂದೆ ಬೇಕಾಗುತ್ತೆ.”

“ಮುಂದೆ ಅಂದ್ರೆ?”

“ಈ ತಿಂಗಳೊಳಗೆ.”

ದರ್ಜಿ ಗೋಡೆಯ ಮೇಲೆ ಮೊಣಕೈ ಊರಿದ. “ಮನೆಯವ್ರು ಕಾಣ್ಲಿಲ್ಲ ನಾಕು ದಿನದಿಂದ.”

“ಅವ್ರಪ್ಪನ ಮನೇಲಿದಾಳೆ. ಗುಡ್ಡದ ಮೇಲೆ.”

“ಟ್ರಂಕು, ಪೆಟ್ಟಿಗೆ ಎಲ್ಲಾ ತಗೊಂಡ್ಹೋದ ಹಾಗಿತ್ತು.”

“ಎಲ್ಲಾ.”

“ಯಾಕೆ?”

“ಅಲ್ಲೇ ಒಳ್ಳೇದು ಸದ್ಯಕ್ಕೆ,” ಎಂದ ಅಳತೆಗಾರ. ಆಗ ಮೆಕ್ಯಾನಿಕ್ಕು ಸರಪಳಿಯನ್ನು ಎರಡು ಹಲ್ಲು ಎಳೆದ. ಬೆರಳು ಹೊರಗೆ ಬಂತು. ದರ್ಜಿಯ ತಲೆ ಮರೆಯಾಯಿತು.

ಒಂದು ಮೊಳ ಬಟ್ಟೆ ಸಿಕ್ಕರೆ ಅದರಲ್ಲೇ ಕೋಟು ಕತ್ತರಿಸುವವನು ದರ್ಜಿ. ಇವತ್ತು ಅವನಿಗೆ ಮೂರು ಮೊಳ ಸಿಕ್ಕಿತ್ತು. ಅಣೆಕಟ್ಟಿನ ನೀರು ಅಳೆಯುವ ಮನುಷ್ಯ ಹೆಂಡತಿಯನ್ನು ಗುಡ್ಡಕ್ಕೆ ಸಾಗಿಸಿದ್ದಾನೆ. ನೀರಿನ ಮೇಲೆ ಓಡುವ ಗಾಡಿಗೆ ದೊಡ್ಡ ಇಂಜಿನ್ ಕೂರಿಸುತ್ತಿದ್ದಾನೆ. ಈ ತಿಂಗಳೊಳಗೆ ಬೇಕು ಅನ್ನುತ್ತಾನೆ. ದರ್ಜಿ ಮನೆಯೊಳಗೆ ಹೋಗಿ ಹೊಲಿಗೆ ಯಂತ್ರದ ಒಂದು ಕಾಲು ಹಿಡಿದು, ಇನ್ನೊಂದು ಹಿಡಿಯಲು ಹೆಂಡತಿಯನ್ನು ಕರೆದ. ಮಧ್ಯಾಹ್ನದ ಹೊತ್ತಿಗೆ ಯಂತ್ರ ತಾರಸಿಯ ಮೇಲಿತ್ತು.

ನಿಜವಾದ ಕಾರಣ ಬೇರೆಯೇ ಇತ್ತು, ಮತ್ತು ಅದನ್ನು ಹೇಳಿಕೊಳ್ಳುವಂತಿರಲಿಲ್ಲ.

ಅಳತೆಗಾರನ ಕೆಲಸ ನೀರನ್ನು ಓದುವುದು. ಊರಿನ ಮೇಲ್ಗಡೆ ಅಣೆಕಟ್ಟು, ಅದರ ಹಿಂದೆ ನೀರು, ನೀರಿನಲ್ಲಿ ಅಂಕಿ ಬರೆದ ಒಂದು ಕಂಬ. ನೀರು ಕಂಬದ ಯಾವ ಅಂಕಿಯನ್ನು ಮುಟ್ಟಿದೆ ಎಂದು ದಿನಾ ಬೆಳಿಗ್ಗೆ ನೋಡಿ, ಕಚೇರಿಯ ಮುಂದಿನ ಕಪ್ಪು ಹಲಗೆಯ ಮೇಲೆ ಬರೆಯಬೇಕು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದ. ಹನ್ನೊಂದು ವರ್ಷದಿಂದ ಆ ಹಲಗೆಯನ್ನು ಒಬ್ಬರೂ ಓದಿರಲಿಲ್ಲ.

ಗಾಡಿ ಅದೇ ಕಚೇರಿಯದು. ಯಾವುದೋ ಕಾಲದಲ್ಲಿ ತರಿಸಿ, ಹೇಗೆ ಓಡಿಸುವುದೆಂದು ಯಾರಿಗೂ ತಿಳಿಯದೆ ಹರಾಜಿಗೆ ಹಾಕಿದ್ದರು. ಆರು ಚಕ್ರ, ಸ್ನಾನದ ತೊಟ್ಟಿಯಂಥ ಪ್ಲಾಸ್ಟಿಕ್ ಮೈ, ಸ್ಟಿಯರಿಂಗ್ ಬದಲು ಎರಡು ಹಿಡಿಗೋಲು. ಬಲದ್ದನ್ನು ಎಳೆದರೆ ಬಲಕ್ಕೆ, ಎಡದ್ದನ್ನು ಎಳೆದರೆ ಎಡಕ್ಕೆ, ಎರಡನ್ನೂ ಎಳೆದರೆ ನಿಲ್ಲುತ್ತಿತ್ತು. ಕಲ್ಲು, ಕೆಸರು, ಪೊದೆ ಯಾವುದನ್ನೂ ಲೆಕ್ಕಿಸದೆ ಹೋಗುತ್ತಿತ್ತು. ನೀರಿಗೆ ಬಿಟ್ಟರೆ ತೇಲಿ, ಚಕ್ರದಿಂದಲೇ ನೀರನ್ನು ತಳ್ಳಿಕೊಂಡು, ಬಾತುಕೋಳಿಗೆ ದಾರಿ ಬಿಡುತ್ತ ಮುಂದೆ ಸಾಗುತ್ತಿತ್ತು. ಬೀದಿಯವರು ಅದನ್ನು ಕಪ್ಪೆ ಎಂದು ಕರೆದರು. ಅಳತೆಗಾರ ಅದನ್ನು ಒರೆಸುತ್ತಿದ್ದ ಪರಿ ನೋಡಿ ಅವನ ಹೆಂಡತಿ ಯಾವ ಹೆಸರನ್ನೂ ಕೊಡಲಿಲ್ಲ. ಒಂದು ಸಲ ಮಾತ್ರ ಹಿಡಿಗೋಲು ಮುಟ್ಟಿ, “ನಾನೊಂದು ಸುತ್ತು ಓಡಿಸ್ಲಾ?” ಎಂದು ಕೇಳಿದ್ದಳು. “ಇದು ನಿಂಗೆ ಅರ್ಥ ಆಗಲ್ಲ,” ಎಂದು ಅವನು ಪ್ರೀತಿಯಿಂದಲೇ ಹೇಳಿದ್ದ.

ಇನ್ನು ಮಾವ. ಮೂವತ್ತೊಂದು ವರ್ಷ ಹೆದ್ದಾರಿಯ ವೇಬ್ರಿಜ್‌ನಲ್ಲಿ ಲಾರಿ ತೂಗಿ ನಿವೃತ್ತರಾದವರು. ಟೈರು ಎಷ್ಟು ಚಪ್ಪಟೆಯಾಗಿದೆ ಎಂದು ದೂರದಿಂದ ನೋಡಿಯೇ ಟನ್ನು ಹೇಳುತ್ತಿದ್ದರು. ಅವರ ಬಾಯಿಂದ ಎರಡೇ ಮಾತು ಬರುತ್ತಿದ್ದವು ಎಂದು ಲಾರಿಯವರು ಹೇಳುತ್ತಾರೆ: ‘ಲೋಡ್ ಸರಿ ಇದೆ, ಹೋಗು’ ಮತ್ತು ‘ಲೋಡ್ ಜಾಸ್ತಿ, ಪಕ್ಕಕ್ಕೆ ಹಾಕು’. ಎರಡನೆಯದೇ ಹೆಚ್ಚು. ಊರನ್ನೆಲ್ಲ ತೂಗಿದ ಆ ಮನುಷ್ಯ ತಮ್ಮನ್ನು ಮಾತ್ರ ಯಾರ ಕೈಗೂ ತೂಗಲು ಕೊಟ್ಟವರಲ್ಲ. ಕೊಡದಿರಲು ಕಾರಣವಿತ್ತು, ಆ ಕಾರಣ ಅವರ ಮುಂದೆ ಮುಂದೆ ನಡೆಯುತ್ತಿತ್ತು.

ಹಿಂದಿನ ವಾರ ಮಗಳನ್ನು ನೋಡಲು ಬಂದವರು ವಾಪಸು ಹೊರಟಾಗ, ಅಳತೆಗಾರ ಸುಮ್ಮನಿದ್ದಿದ್ದರೆ ಬಸ್ಸಿಗೆ ಹೋಗುತ್ತಿದ್ದರು. “ಬಸ್ಸು ಯಾಕೆ ಮಾವ, ಸುತ್ತಿಕೊಂಡು ಹೋಗುತ್ತೆ. ನೀರಿನ ಮೇಲೆ ನೆಟ್ಟಗೆ ದಾಟಿಸಿ ನಿಮ್ಮ ಗುಡ್ಡದ ಬುಡಕ್ಕೇ ಬಿಡ್ತೀನಿ,” ಎಂದ. ದಾಟಿಸಿದ. ಆಚೆ ದಡದ ಏರು ಹತ್ತುವಾಗ ಕಪ್ಪೆ ಅರ್ಧದಲ್ಲಿ ನಿಂತು, ರಬ್ಬರ್ ಸುಟ್ಟ ವಾಸನೆ ಬಿಟ್ಟು, ಹಿಂದಕ್ಕೆ ಜಾರಿ ನೀರಿಗೆ ಬಿತ್ತು. ಎರಡನೇ ಸಲವೂ ಜಾರಿತು. ಮೂರನೇ ಸಲ ನೋಡಲು ಆಚೆ ದಡದ ನಲವತ್ತು ಜನ ಸೇರಿದ್ದರು; ಮೀನು ಹಿಡಿಯುವವರು ಗಾಳ ಎತ್ತಿಟ್ಟು ಕೂತಿದ್ದರು. ಯಾರೋ ಮೇಲಿನಿಂದ “ಏನಾಯ್ತು?” ಎಂದು ಕೂಗಿದರು.

“ಲೋಡ್ ಜಾಸ್ತಿ,” ಎಂದು ಕೂಗಿದ ಅಳತೆಗಾರ.

ಮಾವ ಸೊಂಟದವರೆಗಿನ ನೀರಿಗೆ ಇಳಿದು, ನಡೆದುಕೊಂಡೇ ದಡ ಹತ್ತಿದರು. ಮರುದಿನ ಬಸ್ಸಿನಲ್ಲಿ ಬಂದು ಮಗಳ ಟ್ರಂಕು ತಾವೇ ಹೊತ್ತು ಹೊರಟರು. ಬಾಗಿಲಲ್ಲಿ ನಿಂತು ಒಂದೇ ಮಾತು: “ನನ್ನನ್ನ ಕೂರಿಸ್ಕೊಂಡು ಅದೇ ದಡ ಹತ್ತಿಸು. ಅವತ್ತು ಕಳಿಸ್ತೀನಿ.” ಮಗಳಿಗೆ ಹೋಗುವ ಮನಸ್ಸಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಅವಳು ಹೋಗುವಾಗ ಗಂಡನನ್ನು ನೋಡಿದಳು, ಆಮೇಲೆ ಗಾಡಿಯನ್ನು ನೋಡಿದಳು. ಗಾಡಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ಇದನ್ನು ದರ್ಜಿಗೆ ಗೋಡೆಯ ಮೇಲಿಂದ ಹೇಳುವುದಾದರೂ ಹೇಗೆ?

ಮೂರು ದಿನದಲ್ಲಿ ಬೀದಿಯ ತಾರಸಿಗಳು ತುಂಬಿದವು. ಮಂಚ, ಬೀರು, ಅಕ್ಕಿ ಡಬ್ಬ ಎಲ್ಲ ಮೇಲೆ. ಜನ ಮಾತ್ರ ಕೆಳಗೆ, ಖಾಲಿ ಕೋಣೆಗಳಲ್ಲಿ, ತಮ್ಮ ದನಿ ತಮಗೇ ತಿರುಗಿ ಕೇಳುತ್ತ ಕೂತರು. ಎದುರು ಮನೆಯ ನಿವೃತ್ತ ಮೇಷ್ಟ್ರು, ಜನ ಗಾಬರಿಯಾದಾಗಲೆಲ್ಲ ಪಟ್ಟಿ ಮಾಡುವ ಸ್ವಭಾವದವರು, ಕಾಗದ ಹಿಡಿದು ಅಳತೆಗಾರನ ಮನೆಗೆ ಬಂದರು.

“ನಿಮ್ಮ ಗಾಡೀಲಿ ಎಷ್ಟು ಜನ ಹಿಡೀತಾರೆ?”

“ನೆಲದ ಮೇಲೆ ನಾಲ್ಕು, ನೀರಲ್ಲಿ ಇಬ್ಬರು. ಯಾಕೆ?”

“ಯಾಕೆ ಅಂತ ನೀವು ಕೇಳ್ಬೇಡಿ, ನಾನೂ ಕೇಳಲ್ಲ. ನಿಮಗೆ ಹೇಳೋ ಹಾಗಿಲ್ಲ ಅಂತ ಬೀದಿಗೆಲ್ಲ ಗೊತ್ತು.”

ಆಗ ಅವನು ‘ಅಂಥದ್ದೇನೂ ಇಲ್ಲ ಮೇಷ್ಟ್ರೆ’ ಎನ್ನಬಹುದಿತ್ತು. ಎನ್ನಲು ಬಾಯಿಯನ್ನೂ ತೆರೆದ. ಆದರೆ ಅಂಥದ್ದೇನೂ ಇಲ್ಲ ಎಂದರೆ, ಹಾಗಾದರೆ ಹೆಂಡತಿ ಯಾಕೆ ಗುಡ್ಡಕ್ಕೆ ಹೋದಳು ಎಂಬ ಪ್ರಶ್ನೆ ಹೊಸ್ತಿಲಲ್ಲೇ ಕಾದು ನಿಂತಿತ್ತು. ಅಲ್ಲದೆ, ಹನ್ನೊಂದು ವರ್ಷದಲ್ಲಿ ಮೇಷ್ಟ್ರು ಅವನನ್ನು ನೀವು ಎಂದಿದ್ದು ಇದೇ ಮೊದಲು. ಅವನು ಬಾಯಿ ಮುಚ್ಚಿ, ಬಲ್ಲವನಂತೆ ಸೂರಿನ ಕಡೆ ನೋಡಿದ. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು.

ಗಾಡಿಯ ಒಳಬದಿಯ ತಗಡಿನಲ್ಲಿ ‘ನೀರಿನ ಮೇಲೆ ಗರಿಷ್ಠ ಭಾರ: 240 ಕಿಲೋ’ ಎಂದು ಬರೆದಿತ್ತು. ಮೇಷ್ಟ್ರು ಅದನ್ನು ಬರೆದುಕೊಂಡು ಹೋದರು. ಆಸನಗಳನ್ನು ತೂಕದ ಪ್ರಕಾರ ಹಂಚುವುದೇ ನ್ಯಾಯ ಎಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಧಾನ್ಯದ ಅಂಗಡಿಯ ತಕ್ಕಡಿಯ ಮುಂದೆ ಬೀದಿಯೇ ಸಾಲು ನಿಂತಿತ್ತು. ಮೈ ತುಂಬಿಕೊಂಡವರೇ ಮರ್ಯಾದಸ್ಥರು ಎಂಬ ಹಳೆಯ ನಂಬಿಕೆ ಒಂದು ವಾರದಲ್ಲಿ ತಲೆಕೆಳಗಾಯಿತು. ನಲವತ್ತೇಳು ಕಿಲೋದ ದರ್ಜಿ ಜೀವನದಲ್ಲಿ ಮೊದಲ ಸಲ ಎದೆ ಉಬ್ಬಿಸಿ ನಡೆದ, ಉಬ್ಬಿಸಲು ಇದ್ದಷ್ಟನ್ನು. ಪಟ್ಟಿಯಲ್ಲಿ ಮೊದಲ ಹೆಸರು ಮಾತ್ರ ಮೇಷ್ಟ್ರದ್ದೇ. ಪಟ್ಟಿ ಮಾಡಿದವರಿಗೆ ತೂಕ ಲೆಕ್ಕವಿಲ್ಲ ಎಂದು ಪಟ್ಟಿಯ ಕೆಳಗೇ ಬರೆದಿದ್ದರು.

ಇತ್ತ ಇಂಜಿನ್ನು ಕೂತಿತ್ತು, ಆದರೆ ಕೆಲಸ ಮುಗಿದಿರಲಿಲ್ಲ. ಮೆಕ್ಯಾನಿಕ್ಕಿಗೆ ಊರಲ್ಲಿ ಬಿಚ್ಚಣ್ಣ ಎಂಬ ಹೆಸರು. ಯಾವುದನ್ನೇ ಆಗಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಚ್ಚುತ್ತಿದ್ದ. ಜೋಡಿಸುವ ವಿಷಯದಲ್ಲಿ ಜನರಲ್ಲಿ ಒಮ್ಮತವಿರಲಿಲ್ಲ.

“ಹಳೇ ಇಂಜಿನ್ನು ಹದಿನೆಂಟು ಕುದುರೆ, ಇದು ಮೂವತ್ತೊಂದು,” ಎಂದ ಬಿಚ್ಚಣ್ಣ. “ನಿಮ್ಮ ಮಾವ ಯಾಕೆ, ನಿಮ್ಮ ಮಾವನ ಮನೇನೂ ಎಳ್ಕೊಂಡು ಬರುತ್ತೆ. ಹಳೇ ಕ್ಲಚ್ಚೇ ಹಾಕಿದೀನಿ, ನೋಡೋಣ. ಚಾಲೂ ಮಾಡಿ.”

ಅಳತೆಗಾರ ಹೊರಗೆ ನಿಂತೇ ಒಳಗೆ ಕೈ ಚಾಚಿ ಕೀಲಿ ತಿರುಗಿಸಿದ. ಇಂಜಿನ್ನು ಮೊದಲ ಉಸಿರಿಗೇ ಎದ್ದಿತು. ಅದರೊಂದಿಗೆ ಕಪ್ಪೆಯೂ ಹೊರಟಿತು. ಅವಸರವೇನಿಲ್ಲದೆ, ಸಂಜೆ ತಿರುಗಾಡಲು ಹೊರಟ ಹಿರಿಯರ ಹಾಗೆ, ಗೇಟನ್ನು ಮಲಗಿಸಿ ಅದರ ಮೇಲೆ ಹಾದು ಬೀದಿಗೆ ಬಂತು. ಒಳಗೆ ಯಾರೂ ಇರಲಿಲ್ಲ. ಅಳತೆಗಾರ ಒಂದು ಬದಿ, ಬಿಚ್ಚಣ್ಣ ಇನ್ನೊಂದು ಬದಿ ಹಿಡಿದು ಎಳೆದರು. ಮೂವತ್ತೊಂದು ಕುದುರೆಗಳಿಗೆ ಇಬ್ಬರು ಮನುಷ್ಯರು ಯಾವ ಲೆಕ್ಕ, ಅವರೂ ಜೊತೆಯಲ್ಲೇ ನಡೆದರು.

ತಾರಸಿಯ ಮೇಲೆ ಷರಟಿಗೆ ಗುಂಡಿ ಹಾಕುತ್ತಿದ್ದ ದರ್ಜಿ ಎದ್ದು ನಿಂತ. “ಹೊರಟೇಬಿಟ್ರಾ?” ಎಂದು ಕೇಳಿದ. ಅವನು ಬೀದಿಯ ಕಡೆ ತಿರುಗಿ ದನಿ ಎತ್ತರಿಸಿದ: “ಹೊರಟ್ರು.”

ಬಾಗಿಲುಗಳು ತೆರೆದವು. ಕಂಕುಳಲ್ಲಿ ಗಂಟು, ತಲೆಯ ಮೇಲೆ ಚಾಪೆ, ಕೈಯಲ್ಲಿ ತೂಕದ ಚೀಟಿ ಹಿಡಿದು ಬೀದಿ ಪೂರ್ತಿ ಹೊರಗೆ ಬಂತು. ಕಪ್ಪೆ ಎದುರು ಮನೆಯ ಮೂರು ಮೆಟ್ಟಿಲನ್ನು ಸಲೀಸಾಗಿ ಹತ್ತಿ, ಪಡಸಾಲೆಗೆ ನುಗ್ಗಿ, ಪುಸ್ತಕದ ಬೀರುವಿಗೆ ಮೂಗು ಒತ್ತಿ ನಿಂತಿತು. ಆರು ಚಕ್ರಗಳೂ ನೆಲಹಾಸಿನ ಮೇಲೆ ತಿರುಗುತ್ತಲೇ ಇದ್ದವು. ಕುರ್ಚಿಯ ಮೇಲೆ ಹತ್ತಿ ನಿಂತಿದ್ದ ಮೇಷ್ಟ್ರು ಜನರನ್ನು ಉದ್ದೇಶಿಸಿ, “ನೋಡಿ, ಒಂದನೇ ನಂಬರು ಯಾರದ್ದು ಅಂತ ಗಾಡಿಗೂ ಗೊತ್ತು,” ಎಂದರು. ಆಮೇಲೆ ಅದೇ ಕುರ್ಚಿಯ ಮೇಲೆ ಕೂತುಬಿಟ್ಟರು.

ಬಿಚ್ಚಣ್ಣ ಕೀಲಿ ತೆಗೆದ. ನೆಲದ ಮೇಲೆ ಕೂತು, ಕೈ ಒರೆಸಿಕೊಳ್ಳುತ್ತ ರೋಗನಿರ್ಣಯ ಹೇಳಿದ.

“ಕ್ಲಚ್ಚು ಅಂದ್ರೆ ಏನು? ಇಂಜಿನ್ನು ಇಷ್ಟು ವೇಗಕ್ಕೆ ಬಂದ್ಮೇಲೇ ಚಕ್ರದ ಕೈ ಹಿಡೀಬೇಕು. ಅಲ್ಲೀವರೆಗೆ ಬಿಟ್ಟಿರ್ಬೇಕು. ಹಳೇದು ನಿಮಿಷಕ್ಕೆ ಸಾವಿರ ಸುತ್ತಿಗೇ ಹಿಡಿಯುತ್ತೆ. ಹೊಸ ಇಂಜಿನ್ನು ಸುಮ್ನೆ ಉಸಿರಾಡಿದ್ರೇ ಸಾವಿರದಿನ್ನೂರು. ಹಿಡಿದ ಕೈ ಬಿಡೋದೇ ಇಲ್ಲ. ಇವೆರಡೂ ಗಂಡ ಹೆಂಡ್ತಿ ಇದ್ದ ಹಾಗೆ ಸ್ವಾಮಿ. ಜೋಡಿ ನೋಡ್ದೆ ಕೂಡಿಸಿದ್ರೆ...” ಎಂದವನು ಯಾರ ಮುಂದೆ ಮಾತಾಡುತ್ತಿದ್ದೇನೆಂದು ನೆನಪಾಗಿ ಕೆಮ್ಮಿದ. “ಕ್ಲಚ್ಚಿನ ಸ್ಪ್ರಿಂಗು, ತೂಕದ ಗುಂಡು ಎರಡೂ ಬದಲಾಯಿಸ್ಬೇಕು. ಎಷ್ಟು ಸುತ್ತಿಗೆ ಹಿಡೀಬೇಕು ಅಂತ ಅಂಗಡೀಲಿ ಕೇಳ್ಕೊಂಡು ನಾಳೆ ಫೋನ್ ಮಾಡ್ತೀನಿ. ಬರ್ಕೊಳ್ಳಿ, ಮರೀಬೇಡಿ.”

ಅವನು ಫೋನ್ ಮಾಡಿದ್ದು ಮರುದಿನ ಬೆಳಿಗ್ಗೆ ಎಂಟೂ ಕಾಲಿಗೆ. ಆ ಹೊತ್ತಿನಲ್ಲಿ ಅಳತೆಗಾರ ಎಲ್ಲಿರುತ್ತಾನೆ ಎಂಬುದು ಹನ್ನೊಂದು ವರ್ಷದಿಂದ ಬದಲಾಗಿಲ್ಲ. ಕಚೇರಿಯ ಮುಂದೆ, ಕಪ್ಪು ಹಲಗೆಯ ಎದುರು, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದ. ‘ಇಂದಿನ ಮಟ್ಟ’ ಎಂದು ಬರೆದಾಗಿತ್ತು. ನಿನ್ನೆ 1841 ಸೆಂಟಿಮೀಟರ್ ಇತ್ತು, ಇವತ್ತು 1840; ಅಂಕಿ ಇನ್ನೂ ಬರೆದಿರಲಿಲ್ಲ.

“ಬರ್ಕೊಳ್ಳಿ,” ಎಂದ ಬಿಚ್ಚಣ್ಣ ಫೋನಿನಲ್ಲಿ. “ಎರಡು ಸಾವಿರದ ಇನ್ನೂರು.”

ಬರೆದುಕೋ ಎಂದಾಗ ಎದುರಿಗೊಂದು ಹಲಗೆ, ಕೈಯಲ್ಲೊಂದು ಬಳಪ ಇದ್ದರೆ ಮನುಷ್ಯ ಏನು ಮಾಡುತ್ತಾನೆ? ಬರೆದುಕೊಂಡ. “ಎರಡು ಸಾವಿರದ ಇನ್ನೂರಾ? ಜಾಸ್ತಿ ಆಗಲ್ವಾ?” ಎಂದು ಕೇಳಿದ. “ದಡ ಹತ್ತಬೇಕು ಅಂದ್ರೆ ಅಷ್ಟು ಬೇಕೇ ಬೇಕು,” ಎಂದ ಬಿಚ್ಚಣ್ಣ. ಅಳತೆಗಾರ ಸಮಾಧಾನದಿಂದ ಕೈ ಜಾಡಿಸಿ ಒಳಗೆ ಹೋದ.

ಅಣೆಕಟ್ಟಿನ ಪೂರ್ಣ ಮಟ್ಟ 2100. ಅಂದರೆ ಆ ದಿನ ಬೆಳಿಗ್ಗೆ ಎಂಟೂ ಕಾಲಿಗೆ, ಸರಕಾರಿ ಹಲಗೆಯ ಪ್ರಕಾರ, ನೀರು ಅಣೆಕಟ್ಟಿನ ನೆತ್ತಿಗಿಂತ ಒಂದು ಮೀಟರ್ ಎತ್ತರದಲ್ಲಿ ನಿಂತಿತ್ತು. ಹನ್ನೊಂದು ವರ್ಷ ಯಾರೂ ಓದದ ಹಲಗೆಯನ್ನು ಈ ವಾರ ಬೀದಿಯವರು ದಿನಕ್ಕೆ ನಾಲ್ಕು ಸಲ ಬಂದು ಓದುತ್ತಿದ್ದರು. ಎಂಟೂವರೆಗೆ ಕಚೇರಿಯ ಮುಂದೆ ಇನ್ನೂರು ಜನರಿದ್ದರು.

ಇಂಜಿನಿಯರ್ ಸಾಹೇಬರು ಹೊರಗೆ ಬಂದು ಹಲಗೆ ನೋಡಿದರು. ತಿರುಗಿ ಅಣೆಕಟ್ಟು ನೋಡಿದರು. ನೀರು ಎಂದಿನಂತೆ ಕೆಳಗೆ, ಬಿಸಿಲಿಗೆ ಮಿನುಗುತ್ತ, ನಾಲ್ಕು ಬಾತುಕೋಳಿಗಳನ್ನು ಆಡಿಸುತ್ತ ಮಲಗಿತ್ತು. ಸಾಹೇಬರು ಮತ್ತೆ ಹಲಗೆ ನೋಡಿದರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕಣ್ಣಿಗೂ ದಾಖಲೆಗೂ ಜಗಳ ಬಂದಾಗ ಅವರು ಕಣ್ಣಿನ ಪರ ನಿಂತವರಲ್ಲ.

“ಗೇಟು ತೆಗೀರಿ,” ಎಂದರು.

“ಯಾವ ಗೇಟು ಸಾರ್?”

“ಎಲ್ಲಾ.”

ಆಮೇಲೆ ಯಾರೋ ಕಂಬದ ಹತ್ತಿರ ಹೋಗಿ ನೋಡಿಬರುವ ಧೈರ್ಯ ಮಾಡಿದರು. ಅಷ್ಟರಲ್ಲಿ ಐದು ಗಂಟೆ ಕಾಲ ನೀರು ಹರಿದು, ಎರಡೂವರೆ ಮೀಟರ್ ಇಳಿದಿತ್ತು. ಕಾಲುವೆ ಆಳವಾಗಿದ್ದರಿಂದ ಯಾರ ಅಂಗಳಕ್ಕೂ ಹನಿ ಬರಲಿಲ್ಲ. ಬರದೆ ಇದ್ದದ್ದೂ ಜನರ ಸಂಶಯವನ್ನು ಹೆಚ್ಚಿಸಿತು: “ಇಷ್ಟು ಅವಸರದಲ್ಲಿ ಖಾಲಿ ಮಾಡ್ತಿದಾರೆ ಅಂದ್ರೆ, ಕಟ್ಟೆ ಬಿರುಕು ಬಿಟ್ಟಿರೋದು ಖಂಡಿತ.”

ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ಅಳತೆಗಾರ ನಿಂತಿದ್ದ.

“ಎರಡು ಸಾವಿರದ ಇನ್ನೂರು ಏನು?”

“ಕ್ಲಚ್ಚು ಸಾರ್.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀನು ಗಾಡಿಗೆ ದೊಡ್ಡ ಇಂಜಿನ್ ಹಾಕಿಸ್ತಿದೀಯ. ಹೆಂಡ್ತೀನ ಗುಡ್ಡಕ್ಕೆ ಕಳಿಸಿದೀಯ. ನನ್ನ ಅಣೆಕಟ್ಟಿನ ಬಗ್ಗೆ ನನಗೆ ಗೊತ್ತಿಲ್ದೇ ಇರೋದು ನಿನಗೇನು ಗೊತ್ತು?”

“ಏನೂ ಗೊತ್ತಿಲ್ಲ ಸಾರ್.”

“ಹಂಗಾದ್ರೆ ಇಂಜಿನ್ನು ಯಾಕೆ?”

ಅಳತೆಗಾರ ತನ್ನ ಹೆಬ್ಬೆರಳಿನ ಬ್ಯಾಂಡೇಜು ನೋಡಿಕೊಂಡ. ಸಾಹೇಬರು ಅವನಿಗೊಂದು ಬಿಳಿ ಹಾಳೆ ತಳ್ಳಿದರು. ಕಾರಣವನ್ನು ಲಿಖಿತವಾಗಿ ಕೊಡಬೇಕು. ಅದನ್ನು ಸಾರ್ವಜನಿಕರ ಮುಂದೆ ಓದಲಾಗುವುದು. ಸುಳ್ಳೆಂದು ಕಂಡರೆ ಕೆಲಸದಿಂದ ವಜಾ.

ಆ ಹಾಳೆಯ ಮುಂದೆ ಅವನು ಒಂದೂವರೆ ಗಂಟೆ ಕೂತ. ಐದು ಹಾಳೆ ಹರಿದ. ಕೊನೆಗೆ ಉಳಿದದ್ದು ನಾಲ್ಕೇ ಸಾಲು. ಸಾಹೇಬರು ಕಚೇರಿಯ ಮೆಟ್ಟಿಲ ಮೇಲೆ ನಿಂತು, ಬಜೆಟ್ ಓದುವ ದನಿಯಲ್ಲಿ ಅದನ್ನು ಓದಿದರು.

“ಮಾನ್ಯರೇ. ನನ್ನ ಮಾವನವರು ಭಾರವಾಗಿದ್ದಾರೆ. ಅದನ್ನು ನಾನು ಎಲ್ಲರ ಮುಂದೆ ಹೇಳಿದ್ದರಿಂದ ಅವರು ನನ್ನ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದಾರೆ. ಅವರನ್ನು ಕೂರಿಸಿಕೊಂಡು ದಡ ಹತ್ತಿದರೆ ವಾಪಸು ಕಳಿಸುತ್ತಾರೆ. ಅದಕ್ಕಾಗಿ ಇಂಜಿನ್ನು, ಅದಕ್ಕೆ ತಕ್ಕ ಕ್ಲಚ್ಚು.”

ಜೀವಮಾನದಲ್ಲಿ ಮೊದಲ ಸಲ ತನ್ನ ಮಾನವನ್ನು ತಾನೇ ಬಿಚ್ಚಿಟ್ಟ ಮನುಷ್ಯ ತಲೆ ತಗ್ಗಿಸಿ, ನಗು ಬರುವುದನ್ನು ಕಾಯುತ್ತಿದ್ದ. ನಗು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು.

“ಸುಳ್ಳು,” ಎಂದರು ಮೇಷ್ಟ್ರು.

“ಹೆಂಡ್ತಿಗೋಸ್ಕರ ಯಾರಾದ್ರೂ ಇಂಜಿನ್ ಬದಲಾಯಿಸ್ತಾರೇನ್ರೀ?” ಎಂದ ದರ್ಜಿ. “ನಂಗೂ ಹೆಂಡ್ತಿ ಇದಾಳೆ. ಹೊಲಿಗೆ ಮೆಶೀನಿನ ಬೆಲ್ಟೂ ಬದಲಾಯಿಸಿಲ್ಲ ನಾನು.”

“ಇದು ಆಫೀಸಿನವರು ಬರೆಸಿದ್ದು. ಮುಚ್ಚಿಡ್ತಿದಾರೆ.”

ಸಾಹೇಬರಿಗೂ ಅದು ಸರಿಯೆನಿಸಿತು. ತಾವೇ ಬರೆಸಿರಬಹುದೇ ಎಂದು ಅರೆಕ್ಷಣ ಅನುಮಾನಿಸಿದರು. ಅಳತೆಗಾರನ ಕಡೆ ತಿರುಗಿ ಆಜ್ಞೆ ಮಾಡಿದರು: “ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಎಲ್ಲರ ಮುಂದೆ, ನಿಮ್ಮ ಮಾವನ್ನ ಕೂರಿಸಿ ದಡ ಹತ್ತಿಸು. ಹತ್ತಿದ್ರೆ ಕಾರಣ ನಿಜ. ಹತ್ತದಿದ್ರೆ ಸುಳ್ಳು.”

ಹೀಗೆ ಹೆಂಡತಿ, ಕೆಲಸ, ಮಾನ ಮೂರೂ ಒಂದೇ ಏರಿಗೆ ಬಂದು ನಿಂತವು. ಆ ಏರು ಮೊದಲಿನದೂ ಆಗಿರಲಿಲ್ಲ. ಗೇಟು ತೆಗೆದು ನೀರು ಇಳಿದಿದ್ದರಿಂದ ದಡ ಎರಡೂವರೆ ಮೀಟರ್ ಎತ್ತರಕ್ಕೆ ಬೆಳೆದಿತ್ತು, ಬೆಳೆದದ್ದೆಲ್ಲ ಬರೀ ಕೆಸರು.

ಭಾನುವಾರ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಗುಡ್ಡದಿಂದ ಇಳಿದು ಬಂದರು. ಹಿಂದೆ ಮಗಳು. ತಮ್ಮ ಭಾರದ ವಿಷಯ ಸರಕಾರಿ ಕಾಗದದಲ್ಲಿ ಓದಲ್ಪಟ್ಟದ್ದು ಅವರ ಕಿವಿಗೆ ಬಿದ್ದಿತ್ತು ಎಂಬುದು ಅವರು ಅಳಿಯನನ್ನು ನೋಡದೆ ಇದ್ದ ರೀತಿಯಲ್ಲೇ ತಿಳಿಯುತ್ತಿತ್ತು. ದಡದ ತುಂಬ ಜನ. ಮುಂದಿನ ಸಾಲಿನಲ್ಲಿ ಸಾಹೇಬರಿಗೆ ಕುರ್ಚಿ.

ಕ್ಲಚ್ಚು ಬಂದಿತ್ತು, ಕೂತಿತ್ತು. ಬಿಚ್ಚಣ್ಣ ಚಾಲೂ ಮಾಡಿ ತೋರಿಸಿದ: ಇಂಜಿನ್ನು ಗುರುಗುಟ್ಟಿತು, ಕಪ್ಪೆ ಕದಲಲಿಲ್ಲ. ಜನರಲ್ಲಿ ಮೆಚ್ಚುಗೆಯ ಗೊಣಗಾಟ ಎದ್ದಿತು. ಅಳತೆಗಾರನ ಮುಖದಲ್ಲಿ ಎರಡು ವಾರದಲ್ಲಿ ಮೊದಲ ಸಲ ರಕ್ತ ಕಾಣಿಸಿತು. ಅವನು ಗಾಡಿಯನ್ನು ನೀರಿಗೆ ಇಳಿಸಿ, ಮಾವನನ್ನು ಕೈಹಿಡಿದು ಹಿಂದಿನ ಆಸನಕ್ಕೆ ಕೂರಿಸಿ, ತಾನು ಮುಂದೆ ಕೂತ.

“ನಿಲ್ಲಿ,” ಎಂದ ಬಿಚ್ಚಣ್ಣ.

ನೀರು ತೊಟ್ಟಿಯ ಅಂಚಿಗೆ ಎರಡು ಬೆರಳು ಕೆಳಗಿತ್ತು. ಬಿಚ್ಚಣ್ಣ ಬಾಯಲ್ಲೇ ಲೆಕ್ಕ ಹಾಕಿದ. ಲೆಕ್ಕ ಮುಗಿದಾಗ ಅವನ ದನಿ ಮೊದಲಿನ ಹಾಗಿರಲಿಲ್ಲ.

“ಹಳೇ ಇಂಜಿನ್ನು ಮೂವತ್ತೊಂದು ಕಿಲೋ, ಹೊಸದು ಎಂಬತ್ತೊಂಬತ್ತು. ಐವತ್ತೆಂಟು ಕಿಲೋ ಇಂಜಿನ್ನೇ ತಿಂದ್ಬಿಡ್ತು. ತಗಡಲ್ಲಿ ಇರೋದು ಇನ್ನೂರ ನಲವತ್ತು. ಉಳಿದಿದ್ದು ನೂರ ಎಂಬತ್ತೆರಡು. ಇದು ನಂಗೆ ಹೊಳೀಲೇ ಇಲ್ಲ ಸ್ವಾಮಿ. ಎಳೆಯೋ ಶಕ್ತಿ ಬಂತು, ತೇಲೋ ಶಕ್ತಿ ಹೋಯ್ತು.”

ಅಳತೆಗಾರ ತೊಟ್ಟಿಯ ಹೊರಗೆ ಬಾಗಿದ. ನೀರು ಎಲ್ಲಿ ಮುಟ್ಟಿದೆ ಎಂದು ಓದುವುದೊಂದೇ ಅವನಿಗೆ ಲೋಕದಲ್ಲಿ ಸರಿಯಾಗಿ ಬರುತ್ತಿದ್ದ ವಿದ್ಯೆ. ಓದಿದ. ಆರು ಕಿಲೋ, ಹೆಚ್ಚೆಂದರೆ ಏಳು. ಅಷ್ಟೇ ಹೆಚ್ಚು. ಚಕ್ರ ತಿರುಗಿ ಅಲೆ ಎದ್ದರೆ ನೀರು ಒಳಗೆ.

“ಒಬ್ರು ಇಳೀಬೇಕು,” ಎಂದ ಬಿಚ್ಚಣ್ಣ.

ಮಾವ ನಿಧಾನವಾಗಿ ಕತ್ತೆತ್ತಿದರು. ಮೂವತ್ತೊಂದು ವರ್ಷ ಸಾವಿರಾರು ಲಾರಿ ಡ್ರೈವರುಗಳನ್ನು ನೋಡಿದ ಅದೇ ನೋಟದಿಂದ ಅಳಿಯನ ಬಾಯಿಯನ್ನು ನೋಡಿದರು. ಆ ಬಾಯಿಂದ ಮತ್ತೊಮ್ಮೆ ಆ ಎರಡು ಶಬ್ದ ಬಂದರೆ ಈ ಜನ್ಮದಲ್ಲಿ ಹೆಂಡತಿಯ ಆಸೆ ಬಿಡಬಹುದು ಎಂಬುದು ದಡದಲ್ಲಿದ್ದ ನಾಯಿಗೂ ತಿಳಿಯಿತು.

“ನಾನು ಜಾಸ್ತಿ ಆದೆ,” ಎಂದ ಅಳತೆಗಾರ. ಇಳಿದ. ಸೊಂಟದವರೆಗೆ ನೀರಿನಲ್ಲಿ ನಿಂತ. ತೊಟ್ಟಿ ನಾಲ್ಕು ಬೆರಳು ಮೇಲೆದ್ದಿತು.

ಈಗ ಓಡಿಸುವವರು ಯಾರು? ಬಿಚ್ಚಣ್ಣ ಅಳತೆಗಾರನಿಗಿಂತ ಎರಡರಷ್ಟು ದಪ್ಪ. ಎಲ್ಲರೂ ನಲವತ್ತೇಳು ಕಿಲೋದ ದರ್ಜಿಯ ಕಡೆ ತಿರುಗಿದರು. ದರ್ಜಿ, ತನಗೆ ಈಚೆಗೆ ಸ್ವಲ್ಪ ಮೈ ಬಂದಿದೆ ಎಂದು ಹೇಳಿ ಹಿಂದಿನ ಸಾಲಿಗೆ ಸರಿದ. ಸಾಹೇಬರು ಗಡಿಯಾರ ನೋಡಿಕೊಂಡರು. “ಹಂಗಾದ್ರೆ ಕಾರಣ ಸುಳ್ಳು ಅಂತ ಬರ್ಕೊಳ್ಳಲಾ?” ಎಂದು ಮೇಷ್ಟ್ರು ಪೆನ್ನು ತೆಗೆದರು.

ಜನರ ನಡುವಿನಿಂದ ಹೆಂಡತಿ ಬಂದಳು. ಚಪ್ಪಲಿ ದಡದಲ್ಲಿ ಜೋಡಿಸಿಟ್ಟಳು. ಕೆಸರಿನಲ್ಲಿ ನಡೆದು, ನೀರಿಗಿಳಿದು, ಗಂಡನ ಪಕ್ಕದಲ್ಲೇ ಹಾದು, ಅವನು ಇಳಿದ ಆಸನಕ್ಕೆ ಹತ್ತಿ ಕೂತಳು. ನೀರು ಅಂಚಿಗೆ ಮೂರು ಬೆರಳು ಕೆಳಗೆ ನಿಂತಿತು. ಐವತ್ತೊಂದು ಕಿಲೋ ಎಂದು ಅಳತೆಗಾರನ ಕಣ್ಣು ತನಗೆ ತಾನೇ ಓದಿಕೊಂಡಿತು.

“ನಿಂಗೆ ಅದು...” ಎಂದು ಶುರು ಮಾಡಿದ.

“ಬಲದ್ದು ಎಳೆದ್ರೆ ಬಲಕ್ಕೆ, ಎಡದ್ದು ಎಳೆದ್ರೆ ಎಡಕ್ಕೆ, ಎರಡೂ ಎಳೆದ್ರೆ ನಿಲ್ಲುತ್ತೆ,” ಎಂದಳು. “ಮೂರು ವರ್ಷದಿಂದ ಅಡುಗೆಮನೆ ಕಿಟಕಿಯಿಂದ ನೋಡ್ತಿದೀನಿ. ಪಕ್ಕಕ್ಕೆ ಬನ್ನಿ.”

ಅವಳು ವೇಗ ಕೊಟ್ಟಳು. ಇಂಜಿನ್ನು ಕೂಗಿತು, ಗಾಡಿ ನಿಂತಲ್ಲೇ ನಿಂತಿತ್ತು. ಜನ ನಿಟ್ಟುಸಿರು ಬಿಟ್ಟರು. ಮಾವ ಇಳಿಯಲು ಒಂದು ಕಾಲು ಎತ್ತಿದರು. ಕೂಗು ಇನ್ನೂ ಏರಿತು, ಇನ್ನೂ ಒಂದಿಷ್ಟು ಏರಿತು, ಎರಡು ಸಾವಿರದ ಇನ್ನೂರು ಮುಟ್ಟಿತು. ಕ್ಲಚ್ಚು ಚಕ್ರದ ಕೈ ಹಿಡಿಯಿತು. ಮಾವ ಎತ್ತಿದ ಕಾಲು ಎತ್ತಿದಂತೆಯೇ ಹಿಂದಕ್ಕೆ ಬಿದ್ದರು. ಕಪ್ಪೆ ನೀರಿನ ಮೇಲೆ ಒಂದು ಸುತ್ತು ಹೊಡೆದು, ಬಾತುಕೋಳಿಗಳನ್ನು ಮೊದಲ ಸಲ ಓಡಿಸಿ, ಮೂತಿ ದಡಕ್ಕೆ ತಿರುಗಿಸಿತು. ಕೆಸರಿಗೆ ಆರು ಚಕ್ರ ಊರಿತು. ಮೇಷ್ಟ್ರ ಪಟ್ಟಿ, ಸಾಹೇಬರ ಕನ್ನಡಕ, ದರ್ಜಿಯ ಹೊಸ ಷರಟು ಮೂರಕ್ಕೂ ಕೆಸರು ಎರಚಿ, ಒಂದೇ ಉಸಿರಿಗೆ ಏರು ಹತ್ತಿ, ಮೇಲೆ ಸಮತಟ್ಟಿನಲ್ಲಿ ನಿಂತಿತು.

ಮಾವ ಸಾವಕಾಶವಾಗಿ ಇಳಿದರು. ಗಾಡಿಯ ಟೈರುಗಳನ್ನು ಬಗ್ಗಿ ಒಂದೊಂದಾಗಿ ನೋಡಿದರು. ಆರನೆಯದನ್ನೂ ನೋಡಿ ನೆಟ್ಟಗೆ ನಿಂತರು.

“ಲೋಡ್ ಸರಿ ಇದೆ,” ಎಂದರು. “ಹೋಗು.”

ಅಳತೆಗಾರ ಕೆಸರಿನಲ್ಲಿ ಎರಡು ಸಲ ಜಾರಿ, ಮೂರನೇ ಸಲ ಕೈಕಾಲು ಊರಿ ದಡ ಹತ್ತಿದ. ಮೈಯಿಂದ ನೀರು ಇಳಿಯುತ್ತಿತ್ತು. ಹಿಂದೆ ಸಾಹೇಬರು ‘ಕಾರಣ ನಿಜ’ ಎಂದು ಬರೆಸುತ್ತಿದ್ದರು. ಮೇಷ್ಟ್ರು, ಇಷ್ಟು ಚೆನ್ನಾಗಿ ಹತ್ತುವ ಗಾಡಿ ಇಟ್ಟುಕೊಂಡಿದ್ದಾರೆಂದರೆ ಪ್ರವಾಹ ಬರುವುದು ಗ್ಯಾರಂಟಿ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಅವನಿಗೆ ಯಾವುದೂ ಕೇಳಲಿಲ್ಲ. ಗಾಡಿಯ ಹತ್ತಿರ ಹೋಗಿ, ಕೆಸರಿನ ಕೈಯನ್ನು ಅಂಗಿಗೆ ಒರೆಸಿ, ಅಂಗಿಯ ಕೆಸರು ಕೈಗೆ ಹತ್ತಿದ್ದನ್ನು ಗಮನಿಸದೆ, ಬ್ಯಾಂಡೇಜು ಕಟ್ಟಿದ ಹೆಬ್ಬೆರಳಿನ ಆ ಕೈಯನ್ನು ಅವಳ ಮುಂದೆ ಚಾಚಿದ.

“ಟ್ರಂಕು ನಾನೇ ಹೊತ್ಕೊಂಡು ಬರ್ತೀನಿ,” ಎಂದ. “ಇಳಿ. ಮನೆಗೆ ಹೋಗೋಣ.”

ಅವಳು ಚಾಚಿದ ಕೈ ನೋಡಲಿಲ್ಲ. ಅವಳ ಎರಡೂ ಕೈ ಎರಡು ಹಿಡಿಗೋಲಿನ ಮೇಲಿದ್ದವು. ಕ್ಲಚ್ಚು ಸರಿಯಾಗಿ ಕೂತಿದ್ದರಿಂದ ಇಂಜಿನ್ನು ಗುರುಗುಡುತ್ತಿತ್ತು, ಗಾಡಿ ಮಾತ್ರ ಕೂದಲೆಳೆಯಷ್ಟೂ ಕದಲದೆ ಅವಳ ಮಾತಿಗಾಗಿ ಕಾದಿತ್ತು.

“ಇಳಿಯಲ್ಲ,” ಎಂದಳು.